ಪ್ಲಗ್ ಕೀಳುವ ಮೊದಲು: ಪ್ರೋಗ್ರಾಂ ಮುಚ್ಚದಿದ್ದರೆ, ಕಂಪ್ಯೂಟರ್ ಆಫ್ ಆಗದಿದ್ದರೆ ಏನು ಮಾಡಬೇಕು?

ರಾತ್ರಿ ಎಂಟೂವರೆ. ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಒಳಗೆ ಅಂಗಡಿಯ ಅಕ್ಕ ಕಂಪ್ಯೂಟರ್ ಮುಂದೆ ಸುಮ್ನೆ ಕೂತಿದ್ದರು. ಸ್ಕ್ರೀನ್ ಮೇಲೆ ಒಂದು ಲಗ್ನಪತ್ರಿಕೆ. ಬೆಳಿಗ್ಗೆ ಪ್ರೆಸ್ಸಿಗೆ ಕಳಿಸಬೇಕು. ಆದರೆ ಪುಟವೆಲ್ಲ ಮಬ್ಬಾಗಿ ಬೆಳ್ಳಗಾಗಿತ್ತು. ಮೇಲಿನ ಪಟ್ಟಿಯಲ್ಲಿ ಫೈಲ್ ಹೆಸರಿನ ಪಕ್ಕ ‘ನಾಟ್ ರೆಸ್ಪಾಂಡಿಂಗ್’ ಎಂದು ಬಂದಿತ್ತು. ಮೂಲೆಯ ಇಂಟು ಗುರುತು ಒತ್ತಿದರೂ ಮುಚ್ಚುತ್ತಿಲ್ಲ. ಶಟ್ ಡೌನ್ ಕೊಟ್ಟರೂ ಆಗುತ್ತಿಲ್ಲ.

“ಅಣ್ಣಾ, ಅರ್ಧ ಗಂಟೆಯಿಂದ ಹೀಗೇ ನಿಂತಿದೆ. ಪ್ಲಗ್ ಕಿತ್ತುಬಿಡ್ಲಾ?” ಎಂದು ಕೇಳಿದರು.

“ಒಂದು ನಿಮಿಷ ತಡೀರಿ ಅಕ್ಕ” ಎಂದು ಸಿಪಿಯು ಕಡೆ ಬಗ್ಗಿ ನೋಡಿದೆ. ಗಿರಾಕಿಯ ಪೆನ್‌ಡ್ರೈವ್ ಇನ್ನೂ ಅದರಲ್ಲೇ ಇತ್ತು. ಅದರ ಪುಟ್ಟ ನೀಲಿ ದೀಪ ಒಂದೇ ಸಮನೆ ಮಿಣುಕುತ್ತಿತ್ತು. ಫೈಲನ್ನು ಅದರಿಂದಲೇ ನೇರ ತೆರೆದು, ಅದರಲ್ಲೇ ಸೇವ್ ಮಾಡುತ್ತಿದ್ದರಂತೆ. ಪೆನ್‌ಡ್ರೈವ್ ಹೊರಗೆ ಎಳೆದೆ. ಎರಡೇ ಸೆಕೆಂಡಿಗೆ ಪುಟ ತಿಳಿಯಾಯಿತು. ಫೈಲ್ ಬರೆಯಲು ಆಗಲಿಲ್ಲ ಎಂಬ ಸಂದೇಶ ಬಂತು. ಸೇವ್ ಆ್ಯಸ್ ಕೊಟ್ಟು ಡಿ ಡ್ರೈವಿಗೆ ಹಾಕಿದೆವು. ಲಗ್ನಪತ್ರಿಕೆ ಉಳಿಯಿತು. ಪ್ಲಗ್ ಕಿತ್ತಿದ್ದರೆ ಮಧ್ಯಾಹ್ನದಿಂದ ಕೂತು ಜೋಡಿಸಿದ ಹೆಸರುಗಳೆಲ್ಲ ಹೋಗಿಬಿಡುತ್ತಿದ್ದವು.

ಮುಚ್ಚದೆ ನಿಂತ ಪ್ರೋಗ್ರಾಂ ಹೆಚ್ಚಾಗಿ ಯಾವುದಕ್ಕೋ ಕಾಯುತ್ತಿರುತ್ತದೆ. ನಿಮ್ಮ ಉತ್ತರಕ್ಕೆ ಇರಬಹುದು, ಡಿಸ್ಕಿಗೆ ಇರಬಹುದು, ಪ್ರಿಂಟರಿಗೋ ನೆಟ್‌ವರ್ಕಿಗೋ ಇರಬಹುದು. ಅದು ಯಾವುದೆಂದು ಗೊತ್ತಾದರೆ ಅರ್ಧ ರಿಪೇರಿ ಆದ ಹಾಗೆ. ಇಲ್ಲಿರುವುದು ವಿಂಡೋಸ್ 10 ಮತ್ತು 11ಕ್ಕೆ ಹೊಂದುವ ಕ್ರಮ. ಹೆಜ್ಜೆ ಹಾರಿಸಬೇಡಿ. ಮೊದಲ ಹೆಜ್ಜೆಗಳಿಂದ ನಿಮ್ಮ ಕೆಲಸಕ್ಕೆ ತೊಂದರೆಯಿಲ್ಲ, ಕೊನೆಯವುಗಳಲ್ಲಿ ಕಳೆದುಹೋಗುವ ಭಯ ಇದೆ.

ಮೊದಲು ಕೈ ತೆಗೆಯಿರಿ

ನೀವು ಮೌಸ್ ಒತ್ತಿದಾಗ, ಕೀ ಒತ್ತಿದಾಗ ವಿಂಡೋಸ್ ಆ ಸುದ್ದಿಯನ್ನು ಪ್ರೋಗ್ರಾಂಗೆ ಮುಟ್ಟಿಸುತ್ತದೆ. ಪ್ರೋಗ್ರಾಂ 5 ಸೆಕೆಂಡ್ ಆದರೂ ಆ ಸುದ್ದಿ ಎತ್ತಿಕೊಳ್ಳದಿದ್ದರೆ ವಿಂಡೋಸ್ ಅದರ ಜಾಗದಲ್ಲಿ ಅದರದೇ ಒಂದು ಮಬ್ಬು ಪ್ರತಿಯನ್ನು ನಿಲ್ಲಿಸಿ ‘ನಾಟ್ ರೆಸ್ಪಾಂಡಿಂಗ್’ ಎಂದು ಬರೆಯುತ್ತದೆ. ನಿಮಗೆ ಕಾಣುವ ಬಿಳಿ ಪುಟ ಆ ಪ್ರತಿ. ನೀವು ಟೈಪ್ ಮಾಡಿದ್ದು ಹಿಂದೆ ಮೆಮೊರಿಯಲ್ಲಿ ಹಾಗೇ ಇರುತ್ತದೆ. ಹಾಗಾಗಿ ಆ ಎರಡು ಪದ ಕಂಡ ಕೂಡಲೇ ಗಾಬರಿ ಬೇಡ.

ಒಂದು ಸಣ್ಣ ಪರೀಕ್ಷೆ ಮಾಡಿ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ. ಅದರ ದೀಪ ಹತ್ತಿ ಆರಿದರೆ ಕಂಪ್ಯೂಟರ್ ಇನ್ನೂ ಮಾತು ಕೇಳುತ್ತಿದೆ, ಸಿಕ್ಕಿಕೊಂಡಿರುವುದು ಒಂದು ಪ್ರೋಗ್ರಾಂ ಮಾತ್ರ. ದೀಪವೂ ಅಲುಗದೆ, ಮೌಸ್ ಬಾಣವೂ ಅಲುಗದೆ ಇದ್ದರೆ ಇಡೀ ಯಂತ್ರವೇ ನಿಂತಿರುವ ಸಾಧ್ಯತೆ ಜಾಸ್ತಿ.

ಒಂದು ಪತ್ರವೋ ಚಿಕ್ಕ ಪಟ್ಟಿಯೋ ಆಗಿದ್ದರೆ ಎರಡು ಮೂರು ನಿಮಿಷ ಕಾಯಿರಿ. ದೊಡ್ಡ ಎಕ್ಸೆಲ್ ಶೀಟ್, ವಿಡಿಯೊ, ನೂರಾರು ಫೋಟೊ ಇರುವ ಫೈಲ್ ಆಗಿದ್ದರೆ ಹತ್ತು ನಿಮಿಷ ಕೊಟ್ಟರೂ ತಪ್ಪಿಲ್ಲ. ಆ ಹೊತ್ತಲ್ಲಿ ಇಂಟು ಗುರುತನ್ನು ಮತ್ತೆ ಮತ್ತೆ ಕುಟ್ಟಬೇಡಿ. ಎಲ್ಲದಕ್ಕಿಂತ ಮೊದಲು ಮೊಬೈಲ್ ತೆಗೆದು ಸ್ಕ್ರೀನಿನ ಫೋಟೊ ಹೊಡೆದುಕೊಳ್ಳಿ. ಅಕ್ಷರ ಕಾಣುತ್ತಿದ್ದರೆ ಕೊನೆಗೆ ಅದನ್ನು ನೋಡಿಕೊಂಡಾದರೂ ಮತ್ತೆ ಟೈಪ್ ಮಾಡಬಹುದು. ಈ ಫೋಟೊ ನನ್ನನ್ನು ಎಷ್ಟೋ ಸಲ ಕಾಪಾಡಿದೆ.

ಹಿಂದೆ ಯಾರಾದರೂ ಕೇಳುತ್ತಿದ್ದಾರಾ?

ಪ್ರೋಗ್ರಾಂ ಮುಚ್ಚದಿರಲು ತೀರಾ ಮಾಮೂಲಿ ಕಾರಣ ಒಂದು ಚಿಕ್ಕ ಪ್ರಶ್ನೆ. ‘ಸೇವ್ ಮಾಡಲಾ, ಬೇಡ್ವಾ?’ ಎಂದು ಕೇಳುವ ಪೆಟ್ಟಿಗೆ ಬೇರೆ ವಿಂಡೋದ ಹಿಂದೆ ಅವಿತಿರುತ್ತದೆ. ಅದಕ್ಕೆ ಉತ್ತರ ಸಿಗುವವರೆಗೆ ಪ್ರೋಗ್ರಾಂ ಬೇರೇನನ್ನೂ ಕೇಳಿಸಿಕೊಳ್ಳುವುದಿಲ್ಲ. ಆಲ್ಟ್ ಕೀ ಹಿಡಿದು ಟ್ಯಾಬ್ ಒತ್ತುತ್ತಾ ಹೋಗಿ. ತೆರೆದಿರುವ ಎಲ್ಲವೂ ಸಾಲಾಗಿ ಕಾಣುತ್ತವೆ. ಪೆಟ್ಟಿಗೆ ಸಿಕ್ಕರೆ ಉತ್ತರ ಕೊಡಿ. ಸಿಗದಿದ್ದರೆ ಆ ಪ್ರೋಗ್ರಾಂ ಮುಂದೆ ತಂದು ಎಸ್ಕೇಪ್ ಕೀ ಒಂದು ಸಲ ಒತ್ತಿ ನೋಡಿ.

ಶಾಲೆಯಲ್ಲಿ ಪ್ರೊಜೆಕ್ಟರ್ ಬಳಸುವ ಮೇಷ್ಟ್ರುಗಳಿಗೆ ಇದರದ್ದೇ ಇನ್ನೊಂದು ರೂಪ ಎದುರಾಗುತ್ತದೆ. ಪಾಠ ಮುಗಿದ ಮೇಲೂ ಕಂಪ್ಯೂಟರ್ ಎರಡನೇ ಸ್ಕ್ರೀನ್ ಇದೆ ಎಂದೇ ತಿಳಿದಿದ್ದರೆ ಪ್ರಶ್ನೆಯ ಪೆಟ್ಟಿಗೆ ಅಲ್ಲಿ ಹೋಗಿ ಕೂತಿರುತ್ತದೆ. ವಿಂಡೋಸ್ ಕೀ ಜೊತೆ ಪಿ ಒತ್ತಿ, ‘ಪಿಸಿ ಸ್ಕ್ರೀನ್ ಓನ್ಲಿ’ ಆರಿಸಿ. ಎಲ್ಲವೂ ಈಚೆಗೆ ಬರುತ್ತವೆ.

ಈಗ ಮುಚ್ಚೋಣ

ಮೊದಲು ಮೆತ್ತಗೆ ಕೇಳಿ: ಆಲ್ಟ್ ಜೊತೆ ಎಫ್ 4. ಇದೂ ಇಂಟು ಗುರುತು ಮಾಡುವ ಕೆಲಸವನ್ನೇ ಮಾಡುತ್ತದೆ, ಸೇವ್ ಮಾಡಬೇಕಾ ಎಂದು ಕೇಳುವ ಅವಕಾಶ ಪ್ರೋಗ್ರಾಂಗೆ ಸಿಗುತ್ತದೆ. ಆಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್, ಅಂದರೆ ಈಗ ನಡೆಯುತ್ತಿರುವ ಪ್ರೋಗ್ರಾಂಗಳ ಪಟ್ಟಿ, ತೆರೆಯುತ್ತದೆ.

ಇಲ್ಲಿ ಎಲ್ಲರೂ ಅವಸರದಲ್ಲಿ ‘ಎಂಡ್ ಟಾಸ್ಕ್’ ಒತ್ತಿಬಿಡುತ್ತಾರೆ. ಅದಕ್ಕೂ ಮುಂಚೆ ಅರ್ಧ ನಿಮಿಷ ಆ ಪ್ರೋಗ್ರಾಂನ ಸಾಲನ್ನು ನೋಡಿ. ಸಿಪಿಯು ಕಾಲಂನಲ್ಲಿ (ಇಲ್ಲಿ ಸಿಪಿಯು ಅಂದರೆ ಪೆಟ್ಟಿಗೆಯಲ್ಲ, ಒಳಗಿನ ಪ್ರೊಸೆಸರ್) ಸಂಖ್ಯೆ ಏರಿಳಿಯುತ್ತಿದ್ದರೆ ಅದು ಏನೋ ಕೆಲಸ ಮಾಡುತ್ತಿದೆ, ಇನ್ನೂ ಸ್ವಲ್ಪ ಹೊತ್ತು ಬಿಡಿ. ಸಿಪಿಯು ಸೊನ್ನೆ, ಡಿಸ್ಕೂ ಸೊನ್ನೆ ಎಂದಿದ್ದರೆ ಅದು ಬೇರೆಯವರಿಗೆ ಕಾಯುತ್ತಿದೆ. ಮೇಲೆ ಡಿಸ್ಕ್ ಎಂಬಲ್ಲಿ 100% ಎಂದು ನಿಂತೇ ಇದ್ದರೆ ಹಾರ್ಡ್ ಡಿಸ್ಕ್ ಏದುಸಿರು ಬಿಡುತ್ತಿದೆ. ಹಳೆಯ, ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರಗಳಲ್ಲಿ ಇದನ್ನು ಜಾಸ್ತಿ ನೋಡುತ್ತೇವೆ.

ಕಾಯುತ್ತಿರುವುದು ಯಾರಿಗೆ ಎಂದು ಕೇಳುವ ದಾರಿಯೂ ಅಲ್ಲೇ ಇದೆ. ‘ಡೀಟೇಲ್ಸ್’ ವಿಭಾಗಕ್ಕೆ ಹೋಗಿ, ಪ್ರೋಗ್ರಾಂ ಹೆಸರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಅನಲೈಸ್ ವೇಟ್ ಚೈನ್’ ಆರಿಸಿ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಕಾಯುತ್ತಿದ್ದರೆ ಆ ಇನ್ನೊಂದರ ಹೆಸರು ಬರುತ್ತದೆ. ಎಷ್ಟೋ ಸಲ ಆ ಹೆಸರಿನದನ್ನು ಮುಚ್ಚಿದರೆ ಸಾಕು, ನಿಮ್ಮ ಫೈಲ್ ಇರುವ ಪ್ರೋಗ್ರಾಂ ಉಸಿರಾಡತೊಡಗುತ್ತದೆ. ಎಲ್ಲ ಸಲವೂ ಉತ್ತರ ಸಿಗುವುದಿಲ್ಲ, ಆದರೂ ನೋಡುವುದಕ್ಕೆ ಹತ್ತು ಸೆಕೆಂಡ್ ಸಾಕು.

ಇಷ್ಟೆಲ್ಲ ಆದ ಮೇಲೂ ಮುಚ್ಚದಿದ್ದರೆ ‘ಎಂಡ್ ಟಾಸ್ಕ್’. ಇದು ಸೇವ್ ಮಾಡಲಾ ಎಂದು ಕೇಳುತ್ತಾ ಕೂರುವುದಿಲ್ಲ, ಪ್ರೋಗ್ರಾಂ ಅನ್ನು ಅಲ್ಲೇ ನಿಲ್ಲಿಸಿಬಿಡುತ್ತದೆ. ವರ್ಡ್ ಆಗಿದ್ದರೆ ಸ್ವಲ್ಪ ಸಮಾಧಾನ ಇದೆ: ನೀವು ಬದಲಿಸದಿದ್ದರೆ ಅದು 10 ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿ ಇಟ್ಟುಕೊಳ್ಳುತ್ತದೆ, ಮುಂದಿನ ಸಲ ತೆರೆದಾಗ ಎಡಗಡೆ ತೋರಿಸುತ್ತದೆ. ಆ 10 ಅನ್ನು ಇವತ್ತೇ 2 ಅಥವಾ 3ಕ್ಕೆ ಇಳಿಸಿಡಿ. ಕರೆಂಟ್ ಹೋಗಿಬರುವ ಊರುಗಳಲ್ಲಿ ಇದು ಬೇಕೇ ಬೇಕು. ಫೈಲ್ ಮೆನುವಿನ ಆಪ್ಶನ್ಸ್ ಒಳಗೆ, ‘ಸೇವ್’ ವಿಭಾಗದಲ್ಲಿ ಸಿಗುತ್ತದೆ.

ಕೆಳಗಿನ ಟಾಸ್ಕ್ ಬಾರ್, ಸ್ಟಾರ್ಟ್ ಮೆನು ಮಾತ್ರ ಕೆಲಸ ಮಾಡದಿದ್ದರೆ ಪಟ್ಟಿಯಲ್ಲಿ ‘ವಿಂಡೋಸ್ ಎಕ್ಸ್‌ಪ್ಲೋರರ್’ ಹುಡುಕಿ ‘ರೀಸ್ಟಾರ್ಟ್’ ಕೊಡಿ. ತೆರೆದಿರುವ ಬೇರೆ ಪ್ರೋಗ್ರಾಂಗಳು ಹಾಗೇ ಉಳಿಯುತ್ತವೆ. ಗೊತ್ತಿಲ್ಲದ ಹೆಸರುಗಳನ್ನು, ಅದರಲ್ಲೂ ಸಿಸ್ಟಮ್ ಎಂದು ಇರುವುದನ್ನು, ಮುಟ್ಟಬೇಡಿ. ಮ್ಯಾಕ್ ಇರುವವರಿಗೆ ಕಮಾಂಡ್, ಆಪ್ಶನ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಇದೇ ಬಗೆಯ ಪಟ್ಟಿ ಬರುತ್ತದೆ.

ಎಂಡ್ ಟಾಸ್ಕಿಗೂ ಜಗ್ಗದಿದ್ದರೆ

ಇದಕ್ಕೆ ಒಂದು ಗಟ್ಟಿ ಕಾರಣ ಇದೆ. ಪ್ರೋಗ್ರಾಂ ಪೆನ್‌ಡ್ರೈವಿಗೋ ಪ್ರಿಂಟರಿಗೋ ಒಂದು ಕೆಲಸ ಒಪ್ಪಿಸಿರುತ್ತದೆ. ಆ ಕೆಲಸ ಈಗ ವಿಂಡೋಸಿನ ಒಳಪದರದಲ್ಲಿ, ಆ ಸಾಧನದ ಡ್ರೈವರ್ (ಸಾಧನವನ್ನು ನಡೆಸುವ ಚಿಕ್ಕ ಸಾಫ್ಟ್‌ವೇರ್) ಕೈಯಲ್ಲಿ ಇರುತ್ತದೆ. ಅಲ್ಲಿಂದ ‘ಆಯ್ತು’ ಎಂದೋ ‘ಆಗಲ್ಲ’ ಎಂದೋ ಉತ್ತರ ಬರುವವರೆಗೆ ವಿಂಡೋಸ್ ಆ ಪ್ರೋಗ್ರಾಂ ಅನ್ನು ಪೂರ್ತಿ ತೆಗೆದುಹಾಕಲು ಆಗುವುದಿಲ್ಲ. ಹಾಳಾಗುತ್ತಿರುವ ಪೆನ್‌ಡ್ರೈವ್ ಉತ್ತರವನ್ನೇ ಕೊಡದೆ ಮತ್ತೆ ಮತ್ತೆ ಪ್ರಯತ್ನಿಸುತ್ತಿರುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಆಗಿದ್ದು ಅದೇ. ಎಳೆದ ಕೂಡಲೇ ‘ಆಗಲ್ಲ’ ಎಂಬ ಉತ್ತರ ಬಂತು, ಪ್ರೋಗ್ರಾಂ ಬಿಡುಗಡೆಯಾಯಿತು.

ಹಾಗಂತ ದಿನಾ ಪೆನ್‌ಡ್ರೈವ್ ಹೀಗೆ ಎಳೆಯಬಾರದು. ಅದರೊಳಗಿನ ಫೈಲ್ ಕೆಡಬಹುದು. ಹತ್ತು ಹದಿನೈದು ನಿಮಿಷ ಕಾದ ಮೇಲೆ, ಬೇರೆ ದಾರಿ ಇಲ್ಲದಾಗ ಮಾತ್ರ. ಹೊರಗಿನ ಹಾರ್ಡ್ ಡಿಸ್ಕ್, ಸ್ಕ್ಯಾನರ್, ಪ್ರಿಂಟರ್ ಕೇಬಲ್, ಆಫೀಸಿನ ನೆಟ್‌ವರ್ಕ್ ಫೋಲ್ಡರ್ ತೆರೆದಿದ್ದರೆ ನೆಟ್‌ವರ್ಕ್ ಕೇಬಲ್, ಒಂದೊಂದಾಗಿ ಬಿಡಿಸಿ ನೋಡಿ. ಆ ಅಕ್ಕ ಈಗ ಗಿರಾಕಿಯ ಫೈಲನ್ನು ಮೊದಲು ಡಿ ಡ್ರೈವಿನಲ್ಲಿ ಆ ದಿನದ ತಾರೀಕಿನ ಫೋಲ್ಡರಿಗೆ ಕಾಪಿ ಮಾಡಿಕೊಂಡು, ಪೆನ್‌ಡ್ರೈವ್ ವಾಪಸ್ ಕೊಟ್ಟೇ ಕೆಲಸ ಶುರು ಮಾಡುತ್ತಾರೆ.

ಪ್ರಿಂಟರ್ ಬಗ್ಗೆ ಬೇರೆಯಾಗಿ ಹೇಳಬೇಕು. ಸಾಲಿನಲ್ಲಿ ಸಿಕ್ಕಿಕೊಂಡ ಒಂದು ಪ್ರಿಂಟ್ ಹಿಂದಿನದನ್ನೆಲ್ಲ ತಡೆಯುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಪ್ರಿಂಟರ್ ತೆರೆದು ಸಾಲು ನೋಡಿ, ಎಲ್ಲವನ್ನೂ ಕ್ಯಾನ್ಸಲ್ ಮಾಡಿ. ‘ಡಿಲೀಟಿಂಗ್’ ಎಂದು ತೋರಿಸುತ್ತಾ ಹಾಗೇ ಉಳಿದರೆ ಸರ್ಚಿನಲ್ಲಿ ‘ಸರ್ವೀಸಸ್’ ಹುಡುಕಿ ತೆರೆಯಿರಿ, ‘ಪ್ರಿಂಟ್ ಸ್ಪೂಲರ್’ (ಪ್ರಿಂಟ್ ಸಾಲನ್ನು ನೋಡಿಕೊಳ್ಳುವ ಭಾಗ) ಮೇಲೆ ಬಲಗುಂಡಿ ಒತ್ತಿ ‘ಸ್ಟಾಪ್’ ಕೊಡಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಅಲ್ಲಿರುವ ಫೈಲುಗಳನ್ನು ಮಾತ್ರ ಅಳಿಸಿ, ಫೋಲ್ಡರ್ ಇರಲಿ. ಮತ್ತೆ ‘ಸ್ಟಾರ್ಟ್’ ಕೊಡಿ.

ಶಟ್ ಡೌನ್ ಆಗದೆ ನಿಂತಾಗ

ಶಟ್ ಡೌನ್ ಕೊಟ್ಟ ಮೇಲೆ ಸ್ಕ್ರೀನ್ ತುಂಬ ಒಂದು ಪಟ್ಟಿ ಬಂದು, ಈ ಪ್ರೋಗ್ರಾಂಗಳು ತಡೆಯುತ್ತಿವೆ ಎಂದು ಹೇಳುತ್ತದಲ್ವಾ? ಅಲ್ಲಿ ‘ಶಟ್ ಡೌನ್ ಎನಿವೇ’ ಒತ್ತಬೇಡಿ, ‘ಕ್ಯಾನ್ಸಲ್’ ಒತ್ತಿ. ಪಟ್ಟಿಯಲ್ಲಿದ್ದ ಹೆಸರು ನೆನಪಿಟ್ಟುಕೊಂಡು ವಾಪಸ್ ಹೋಗಿ, ಅದನ್ನು ಸೇವ್ ಮಾಡಿ ಮುಚ್ಚಿ, ಮತ್ತೆ ಶಟ್ ಡೌನ್ ಕೊಡಿ.

ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ ಎಂಬ ಬರಹ ಇದ್ದರೆ ದಯವಿಟ್ಟು ಆಫ್ ಮಾಡಬೇಡಿ. ಹಳೆಯ ಡಿಸ್ಕಿನಲ್ಲಿ ಅದು ಗಂಟೆಗಟ್ಟಲೆ ತೆಗೆದುಕೊಂಡರೂ ಆಶ್ಚರ್ಯವಿಲ್ಲ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ ಮಲಗಿ.

ಯಾವುದೂ ನಡೆಯದಿದ್ದರೆ ಇನ್ನೊಂದು ದಾರಿ ಇದೆ, ಗೊತ್ತಿರುವವರು ಕಡಿಮೆ. ಕಂಟ್ರೋಲ್, ಆಲ್ಟ್, ಡಿಲೀಟ್ ಒಟ್ಟಿಗೆ ಒತ್ತಿ. ಬರುವ ಸ್ಕ್ರೀನಿನ ಕೆಳಮೂಲೆಯಲ್ಲಿ ಪವರ್ ಗುರುತು ಇರುತ್ತದೆ. ಕಂಟ್ರೋಲ್ ಕೀ ಹಿಡಿದುಕೊಂಡೇ ಅದನ್ನು ಒತ್ತಿ. ‘ಎಮರ್ಜೆನ್ಸಿ ರೀಸ್ಟಾರ್ಟ್’ ಎಂದು ಕೇಳುತ್ತದೆ. ಸೇವ್ ಆಗದ್ದು ಹೋಗುತ್ತದೆ. ಅದೂ ಬರದಿದ್ದಾಗ ಮಾತ್ರ ಪವರ್ ಬಟನ್ ಅನ್ನು ಸುಮಾರು 10 ಸೆಕೆಂಡ್ ಒತ್ತಿಹಿಡಿಯಿರಿ. ಮುಂದಿನ ಸಲ ಶುರುವಾಗುವಾಗ ಡಿಸ್ಕ್ ಪರೀಕ್ಷೆ ನಡೆದರೆ ತಡೆಯಬೇಡಿ.

ಮರುದಿನ ಕಳ್ಳನನ್ನು ಹುಡುಕಿ

ಒಮ್ಮೆ ಆಗಿದ್ದರೆ ಬಿಟ್ಟುಬಿಡಿ. ವಾರಕ್ಕೆ ಎರಡು ಸಲ ಆಗುತ್ತಿದ್ದರೆ ಹುಡುಕಬೇಕು. ಸರ್ಚಿನಲ್ಲಿ ‘ರಿಲಯಬಿಲಿಟಿ’ ಎಂದು ಇಂಗ್ಲಿಷಿನಲ್ಲಿ ಬರೆದರೆ ‘ವ್ಯೂ ರಿಲಯಬಿಲಿಟಿ ಹಿಸ್ಟರಿ’ ಸಿಗುತ್ತದೆ. ದಿನದಿನದ ಕಾಲಂ ಇರುತ್ತದೆ. ಕೆಂಪು ಇಂಟು ಇರುವ ದಿನ ಒತ್ತಿದರೆ ಅವತ್ತು ಯಾವ ಪ್ರೋಗ್ರಾಂ ನಿಂತಿತು ಎಂದು ಹೆಸರು ಸಮೇತ ಹೇಳುತ್ತದೆ. ಒಂದೇ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ ಅದನ್ನು ಅಪ್‌ಡೇಟ್ ಮಾಡಿ, ಇಲ್ಲವೇ ತೆಗೆದು ಹೊಸದಾಗಿ ಹಾಕಿ.

‘ದಿನಾ ಆಫ್ ಮಾಡ್ತೀನಿ, ಆದರೂ ತೊಂದರೆ ಹೋಗಲ್ಲ’ ಎನ್ನುವವರು ಒಂದು ವಿಷಯ ತಿಳಿಯಬೇಕು. 2012ರಲ್ಲಿ ವಿಂಡೋಸ್ 8 ಜೊತೆ ‘ಫಾಸ್ಟ್ ಸ್ಟಾರ್ಟಪ್’ ಬಂತು. ಅದು ಆನ್ ಇದ್ದಾಗ ಶಟ್ ಡೌನ್ ಪೂರ್ತಿ ಶಟ್ ಡೌನ್ ಅಲ್ಲ. ವಿಂಡೋಸಿನ ಒಳಪದರ, ಡ್ರೈವರ್ ಸಮೇತ, ಡಿಸ್ಕಿಗೆ ಬರೆದಿಟ್ಟುಕೊಂಡು ಮರುದಿನ ಅದನ್ನೇ ಎತ್ತಿಕೊಳ್ಳುತ್ತದೆ. ಸಿಕ್ಕಿಕೊಂಡ ಡ್ರೈವರ್ ಹಾಗೇ ವಾಪಸ್ ಬರಬಹುದು. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಆದ್ದರಿಂದ ತೊಂದರೆ ಕಂಡಾಗ ರೀಸ್ಟಾರ್ಟ್ ಕೊಡಿ, ಅಥವಾ ಶಿಫ್ಟ್ ಕೀ ಹಿಡಿದು ಶಟ್ ಡೌನ್ ಒತ್ತಿ. ಪದೇ ಪದೇ ಆದರೆ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಶನ್ಸ್, ‘ಚೂಸ್ ವಾಟ್ ದ ಪವರ್ ಬಟನ್ಸ್ ಡು’ ಒಳಗೆ ಹೋಗಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದುಬಿಡಿ. ಬೆಳಿಗ್ಗೆ ಆನ್ ಆಗಲು ಸ್ವಲ್ಪ ಜಾಸ್ತಿ ಹೊತ್ತು ಬೇಕಾಗಬಹುದು, ಅಷ್ಟೆ.

ಪ್ರೋಗ್ರಾಂ ಮುಚ್ಚಲು ವಿಂಡೋಸ್ ಕೊಡುವ ಸಮಯವನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಒಳಗಿನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಕಡಿಮೆ ಮಾಡಿ, ಬೇಗ ಆಫ್ ಆಗುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ನಾನು ಬೇಡ ಎನ್ನುತ್ತೇನೆ. ಆ ಸಮಯ ಇರುವುದೇ ನಿಮ್ಮ ಫೈಲ್ ಬರೆದು ಮುಗಿಸಲಿ ಎಂದು.

ಎಲ್ಲ ಮಾಡಿದ ಮೇಲೂ ಡಿಸ್ಕ್ 100% ನಲ್ಲೇ ನಿಲ್ಲುತ್ತಿದ್ದರೆ, ಒಳಗಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ, ಫೈಲ್ ತೆರೆಯಲು ನಿಮಿಷಗಟ್ಟಲೆ ಆಗುತ್ತಿದ್ದರೆ ಹಾರ್ಡ್ ಡಿಸ್ಕ್ ಕೊನೆಗಾಲಕ್ಕೆ ಬಂದಿರಬಹುದು. ಆಗ ಬೇರೆ ಯಾವ ಪ್ರಯೋಗವೂ ಬೇಡ. ಮೊದಲು ಫೋಟೊ, ಲೆಕ್ಕ, ಮಕ್ಕಳ ಮಾರ್ಕ್ಸ್ ಕಾರ್ಡ್, ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಆಮೇಲೆ ರಿಪೇರಿಗೆ ಕೊಡಿ. ಕೊಡುವಾಗ ಯಾವ ಪ್ರೋಗ್ರಾಂ, ಯಾವತ್ತಿನಿಂದ, ಆಗ ಏನೇನು ಚುಚ್ಚಿತ್ತು ಎಂದು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಮೇಲೆ ಅಂಟಿಸಿ.