ಗದ್ದೆ ಬದುವಿನಿಂದ ರಿಂಗ್ ನೆಬ್ಯುಲಾ ನೋಡುವುದು ಹೇಗೆ

ಮಲೆನಾಡಿನಲ್ಲಿ ಆಕಾಶ ನೋಡುವವರು ಮಳೆಗಾಲ ಮುಗಿಯಲಿ ಅಂತ ಕಾದು ಕೂತಿರುತ್ತೇವೆ. ದೀಪಾವಳಿ ಅಮಾವಾಸ್ಯೆ ಆಸುಪಾಸು ಮೋಡ ಬಿಟ್ಟರೆ ಸಂಜೆ ಏಳೂವರೆಗೆಲ್ಲ ಹೊರಗೆ ಬನ್ನಿ. ತಡ ಮಾಡಿದರೆ ರಿಂಗ್ ನೆಬ್ಯುಲಾ, ಅಂದರೆ ಬಳೆಯಾಕಾರದ ಅನಿಲದ ಮೋಡ (ನೀಹಾರಿಕೆ), ಅಡಿಕೆ ಮರಗಳ ಹಿಂದೆ ಇಳಿದುಬಿಡುತ್ತದೆ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಆಗ ಅಡಿಕೆ ಸುಲಿಯುವ ಕಾಲ, ಅಂಗಳದ ಬಲ್ಬು ಉರಿಯುತ್ತಲೇ ಇರುತ್ತದೆ. ಹಾಗಾಗಿ ನಾನು ಟೆಲಿಸ್ಕೋಪ್ ಹೊತ್ತುಕೊಂಡು ಗದ್ದೆ ಬದುವಿಗೆ ಹೋಗುತ್ತೇನೆ. ನೀವೂ ವಾಯವ್ಯ ದಿಕ್ಕು ತೆರೆದಿರುವ ಜಾಗ ಹುಡುಕಿ. ಮೊಬೈಲ್ ಜೇಬಿಗೆ ಹಾಕಿ, ಇಪ್ಪತ್ತು ನಿಮಿಷ ಕತ್ತಲಲ್ಲಿ ಸುಮ್ನೆ ಕೂತಿರಿ.

ವಾಯವ್ಯದಲ್ಲಿ, ನಡು ಎತ್ತರದಲ್ಲಿ, ನೀಲಿ ಬಿಳುಪಿನ ಅಭಿಜಿತ್ ನಕ್ಷತ್ರ ಹೊಳೆಯುತ್ತಿರುತ್ತದೆ. ಅದರ ಪಕ್ಕದಲ್ಲೇ ನಾಲ್ಕು ಮಂಕು ನಕ್ಷತ್ರಗಳ ವಾಲಿದ ಚೌಕ ಇದೆ. ಅಭಿಜಿತ್‌ನಿಂದ ದೂರ ಇರುವ ಎರಡು ನಕ್ಷತ್ರಗಳ ನಡುವೆ, ಹೆಚ್ಚುಕಮ್ಮಿ ಮಧ್ಯದಲ್ಲಿ, ಟೆಲಿಸ್ಕೋಪ್ ತಿರುಗಿಸಿ. ಮೊದಲು ನಲವತ್ತು ಪಟ್ಟು ಹಿಗ್ಗಿಸಿದರೆ ಸಾಕು. ಫೋಕಸ್ ತಪ್ಪಿದ ನಕ್ಷತ್ರದ ಹಾಗೆ ಒಂದು ಚುಕ್ಕೆ ಕಂಡರೆ ಅದೇ! ಈಗ ನೂರು ಪಟ್ಟಿಗೆ ಏರಿಸಿ.

ಇಲ್ಲೇ ಜಾಸ್ತಿ ಜನ ಸೋಲುವುದು. ನೇರ ದಿಟ್ಟಿಸಿದರೆ ಅದು ಮಸುಕಾಗುತ್ತದೆ, ಯಾಕಂದ್ರೆ ಮಂದ ಬೆಳಕು ಹಿಡಿಯುವ ಕೋಶಗಳು ಕಣ್ಣಿನ ನಟ್ಟನಡುವೆ ಇರುವುದಿಲ್ಲ, ಸುತ್ತ ಇರುತ್ತವೆ. ಸ್ವಲ್ಪ ಪಕ್ಕಕ್ಕೆ, ಓರೆಗಣ್ಣಲ್ಲಿ ನೋಡಿ. ಆರು ಇಂಚು ವ್ಯಾಸದ ಟೆಲಿಸ್ಕೋಪ್‌ನಲ್ಲಿ ನಡುವೆ ತೂತಿರುವ, ಹೊಗೆಯಲ್ಲೇ ಮಾಡಿದ ಹಾಗಿರುವ ಪುಟ್ಟ ಕೋಡುಬಳೆ ನಿಧಾನಕ್ಕೆ ತೇಲಿ ಬರುತ್ತದೆ. ಫೋಟೋದಲ್ಲಿರುವ ಬಣ್ಣ ಕಾಣುವುದಿಲ್ಲ, ಬರೀ ಬೂದಿ ಬಣ್ಣ. ಆದರೂ ನನಗೆ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ.

ಅದು ಸುಮಾರು 2,500 ಜ್ಯೋತಿರ್ವರ್ಷ ದೂರದಲ್ಲಿದೆ. ನಮ್ಮ ಸೂರ್ಯನಂಥ ನಕ್ಷತ್ರವೊಂದು ಕೊನೆಗಾಲದಲ್ಲಿ ಊದಿಕೊಂಡು ಹೊರಗೆ ಚೆಲ್ಲಿದ ಅನಿಲ ಅದು. ಉಳಿದ ತಿರುಳು ಒಂದು ಲಕ್ಷ ಡಿಗ್ರಿಗೂ ಹೆಚ್ಚು ಬಿಸಿ, ಅದರ ಅತಿನೇರಳೆ ಕಿರಣ ಬಿದ್ದು ಅನಿಲ ಹೊಳೆಯುತ್ತದೆ. ಇಂಥವನ್ನು ಗ್ರಹ ನೀಹಾರಿಕೆ ಅನ್ನುತ್ತಾರೆ, ಆದರೆ ಗ್ರಹಕ್ಕೂ ಇದಕ್ಕೂ ಸಂಬಂಧವಿಲ್ಲ. 1780ರ ದಶಕದಲ್ಲಿ ಖಗೋಳಜ್ಞ ವಿಲಿಯಂ ಹರ್ಷಲ್ ಕಣ್ಣಿಗೆ ಇವು ಗ್ರಹದ ಹಾಗೆ ದುಂಡಗೆ ಕಂಡವು, ಹೆಸರು ಹಾಗೇ ಉಳಿಯಿತು. ಇನ್ನು ಸುಮಾರು ಹತ್ತು ಸಾವಿರ ವರ್ಷಗಳಲ್ಲಿ ಈ ಹೊಗೆಬಳೆಯೂ ಚದುರಿ ಹೋಗುತ್ತದೆ.

ಬೈನಾಕ್ಯುಲರ್ ಮಾತ್ರ ಇದೆಯಾ? ಹಾಗಾದ್ರೆ ಇಂಥದ್ದೇ ಇನ್ನೊಂದು ಗ್ರಹ ನೀಹಾರಿಕೆ, ಡಂಬೆಲ್ ನೆಬ್ಯುಲಾ ಹುಡುಕಿ, 10x50 (ಹತ್ತು ಪಟ್ಟು ಹಿಗ್ಗಿಸುವ, 50 ಮಿ.ಮೀ. ಮಸೂರದ್ದು) ಇದ್ದರೆ ಸಣ್ಣ ಮಸುಕು ಮಚ್ಚೆಯಾಗಿ ಸಿಗುತ್ತದೆ.

ಇಬ್ಬನಿ ಬಗ್ಗೆ ಹುಷಾರು. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಮಂಜಾದರೆ ಬಟ್ಟೆಯಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಐದು ನಿಮಿಷ ಜೇಬಿನಲ್ಲಿಟ್ಟುಕೊಳ್ಳಿ, ಮೈ ಬಿಸಿಗೆ ತಾನಾಗೇ ಆರುತ್ತದೆ.