ಕಾಮಿಕ್ಸ್‌ನ ಚೌಕದಿಂದ ಟಿ.ವಿ.ಯ ಚೌಕಕ್ಕೆ

"ಚಿತ್ರ ಸಿದ್ಧವಾಗಿಯೇ ಇದೆಯಲ್ಲ, ಸ್ವಲ್ಪ ಅಲ್ಲಾಡಿಸಿದರೆ ಆಯಿತು." ಕಾಮಿಕ್ಸ್ ಒಂದನ್ನು ಅನಿಮೇಷನ್ ಸರಣಿ ಮಾಡುತ್ತಿದ್ದೇನೆ ಎಂದು ಹೇಳಿದಾಗ ಮಡಿಕೇರಿಯಲ್ಲಿ ನಾನು ಕೇಳಿದ ಮಾತು ಬಹುಪಾಲು ಇದೇ. ಕಾದಂಬರಿಯನ್ನು ತೆರೆಗೆ ತರುವುದು ಕಷ್ಟ ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಕೊಡಗಿನವರೇ ಆದ ಭಾರತೀಸುತರ 'ಎಡಕಲ್ಲು ಗುಡ್ಡದ ಮೇಲೆ' 1973ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆಯಿತಲ್ಲ, ಪುಸ್ತಕ ಮೇಲೋ ಸಿನಿಮಾ ಮೇಲೋ ಎಂದು ನಮ್ಮ ಮನೆಯ ಹಿರಿಯರು ಊಟಕ್ಕೆ ಕುಳಿತಾಗಲೆಲ್ಲ ವಾದ ಹೂಡುತ್ತಿದ್ದರು. ಕಾಮಿಕ್ಸ್‌ಗೆ ಆ ಮರ್ಯಾದೆ ಇಲ್ಲ. ನನ್ನ ಮಟ್ಟಿಗೆ, ಚಿತ್ರ ಮೊದಲೇ ಇರುವುದೇ ದೊಡ್ಡ ತೊಡಕು.

ನಾವು ಕೈಗೆತ್ತಿಕೊಂಡ ಕಥೆ ವಾರಪತ್ರಿಕೆಯೊಂದರ ಮಕ್ಕಳ ವಿಭಾಗದಲ್ಲಿ ವಾರಕ್ಕೊಂದು ಪುಟದಂತೆ ಬಂದು, ಆಮೇಲೆ ಪುಸ್ತಕವಾದದ್ದು. ಕೊಡಗಿನ ಕಕ್ಕಬೆ ಕಡೆಯ ಕಾಫಿ ತೋಟ, ಒಬ್ಬ ಹುಡುಗಿ, ಅವಳ ಅಜ್ಜಿ, ಆಗಾಗ ಬರುವ ಆನೆ. ಬರೆದವಳು ನನ್ನ ಸ್ನೇಹಿತೆ, ಚಿತ್ರ ಬಿಡಿಸಿದವರು ಬೇರೆಯವರು.

ಕೆಲಸ ಶುರುವಾಗಿದ್ದು ಪೆನ್ಸಿಲಿನಿಂದಲ್ಲ, ಕರಾರಿನಿಂದ. ಕಥೆಗೆ ಒಂದು ಹಕ್ಕು, ಚಿತ್ರಕ್ಕೆ ಇನ್ನೊಂದು ಹಕ್ಕು. ಬರೆದವಳು ಒಪ್ಪಿದಳೆಂದು ಚಿತ್ರಕಾರರು ಬಿಡಿಸಿದ ಅಜ್ಜಿಯ ಮೂಗನ್ನು ನಾವು ಬಳಸುವಂತಿಲ್ಲ. ಪತ್ರಿಕೆಯಲ್ಲಿ ಬಂದದ್ದೆಲ್ಲ ಪತ್ರಿಕೆಯದೇ ಎಂದು ಹಲವರು ತಿಳಿದಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಲೇಖಕ ಪತ್ರಿಕೆಯ ನೌಕರನಾಗಿದ್ದರೂ, ಬೇರೆ ಒಪ್ಪಂದ ಇಲ್ಲದಿದ್ದರೆ ಮಾಲೀಕರಿಗೆ ಸಿಗುವುದು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಮಾತ್ರ, ಉಳಿದದ್ದು ಲೇಖಕನದೇ. 19ನೇ ಕಲಂ ನಮ್ಮಂಥ ನಿಧಾನದವರು ಓದಲೇಬೇಕಾದದ್ದು. ಹಕ್ಕು ಬರೆಸಿಕೊಂಡು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ರೀತಿ ಹೇಳದ ಹೊರತು, ಅದು ಬಿದ್ದುಹೋಗುತ್ತದೆ. ಅವಧಿ ನಮೂದಿಸದಿದ್ದರೆ ಐದೇ ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ. ಅನಿಮೇಷನ್‌ಗೆ ಒಂದು ವರ್ಷ ಯಾವ ಮೂಲೆಗೂ ಸಾಲದು. ಮೂರನ್ನೂ ಬಿಡಿಸಿ ಬರೆಸಿದೆವು.

ಆಮೇಲೆ ಪುಸ್ತಕವನ್ನು ಗೋಡೆಗೆ ಅಂಟಿಸಿಕೊಂಡು ಕುಳಿತೆವು. ಒಂದು ಪುಟದ ವಿಷಯ ಹೇಳುತ್ತೇನೆ. ಮೊದಲ ಚೌಕದಲ್ಲಿ ಅಜ್ಜಿ ಬಾಗಿಲ ಅಗುಳಿ ಹಾಕುತ್ತಿದ್ದಾಳೆ. ಎರಡನೆಯದರಲ್ಲಿ ಹುಡುಗಿ ಕಿಟಕಿಯ ಬಳಿ. ಮೂರನೆಯದು ಅರ್ಧ ಪುಟದಷ್ಟು ದೊಡ್ಡದು: ಹಲಸಿನ ಮರದ ಕೆಳಗೆ ಆನೆ, ಸುತ್ತ ಕಾಫಿ ಗಿಡ, ಮಾತಿಲ್ಲ. ಓದುವ ಮಗು ಆ ಚೌಕದ ಮುಂದೆ ತನಗೆ ಬೇಕಾದಷ್ಟು ಹೊತ್ತು ನಿಲ್ಲುತ್ತದೆ. ಹೆದರಿಕೆಯಾದರೆ ಬೇಗ ಪುಟ ತಿರುಗಿಸುತ್ತದೆ, ಧೈರ್ಯ ಬಂದ ಮೇಲೆ ಹಿಂದಕ್ಕೆ ಬರುತ್ತದೆ. ಟಿ.ವಿ.ಯಲ್ಲಿ ಎಷ್ಟು ಹೊತ್ತು ಎಂದು ನಾವು ತೀರ್ಮಾನಿಸಬೇಕು. ಎರಡನೆಯ ಚೌಕಕ್ಕೂ ಮೂರನೆಯದಕ್ಕೂ ನಡುವಿನ ಬಿಳಿ ಪಟ್ಟಿಯಲ್ಲಿ ಹುಡುಗಿ ಪರದೆ ಸರಿಸಿದ್ದಾಳೆ, ಉಸಿರು ಹಿಡಿದಿದ್ದಾಳೆ. ಅದನ್ನು ಯಾರೂ ಬರೆದಿಲ್ಲ, ಓದುಗರೇ ತುಂಬಿಕೊಂಡಿದ್ದಾರೆ. ರೂಪಾಂತರ ಎಂದು ನಾವು ಮಾಡಿದ್ದರಲ್ಲಿ ಹೆಚ್ಚಿನದು ಆ ಬಿಳಿ ಪಟ್ಟಿಗಳ ಕೆಲಸ.

ಮೊದಲ ಅನಿಮ್ಯಾಟಿಕ್‌ನಲ್ಲಿ, ಅಂದರೆ ಕಚ್ಚಾ ಚಿತ್ರಗಳನ್ನು ಕಾಲಕ್ಕೆ ಸರಿಯಾಗಿ ಜೋಡಿಸಿ ನೋಡುವ ಹಂತದಲ್ಲಿ, ಆನೆ ಕಂಡೊಡನೆ ಸಂಗೀತ ಹಾಕಿದ್ದೆವು. ತೆಗೆದೆವು. ಆನೆಯನ್ನು ತೋರಿಸುವ ಮೊದಲು ಕತ್ತಲೆಯಲ್ಲಿ ಅದು ಬೈನೆ ಮರ ಸೀಳುವ ಸದ್ದು ಕೇಳಿಸಿದೆವು. ತೋಟದಲ್ಲಿ ಬೆಳೆದವರಿಗೆ ಆ ಸದ್ದು ಸಾಕು. ಬೆಂಗಳೂರಿನ ಮಕ್ಕಳಿಗೂ ಸಾಕಾಯಿತು ಎನ್ನುವುದು ಆಮೇಲೆ ತಿಳಿಯಿತು.

ವಾರದ ಕಾಮಿಕ್ಸ್‌ಗೆ ಇನ್ನೊಂದು ಕಾಯಿಲೆ ಇದೆ. ಪ್ರತಿ ಪುಟದ ಕೊನೆಗೂ ಒಂದು ಕೊಕ್ಕೆ: ಬಾಗಿಲು ಬಡಿದವರು ಯಾರು? ಪೊದೆಯಲ್ಲಿ ಏನು? ಓದುಗರು ಏಳು ದಿನ ಕಾಯಬೇಕಲ್ಲ, ಕೊಕ್ಕೆ ಬೇಕೇ ಬೇಕು. ಆ ಪುಟಗಳನ್ನೇ ಹನ್ನೊಂದು ನಿಮಿಷದ ಕಂತಿನಲ್ಲಿ ಸಾಲಾಗಿ ಜೋಡಿಸಿದರೆ ನಿಮಿಷಕ್ಕೊಮ್ಮೆ ಯಾರೋ ಬೆಚ್ಚಿಬೀಳುತ್ತಿರುತ್ತಾರೆ. ಒಂದು ಕಂತಿಗೆ ಒಂದೇ ಕೊಕ್ಕೆ ಉಳಿಸಿಕೊಂಡೆವು. ಈ ವಿಷಯದಲ್ಲಿ ನನಗೆ ದಾರಿ ತೋರಿದ್ದು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣ್ ಅವರ ಸಣ್ಣಕಥೆಗೆ ಒಂದು ಕಂತು ಸಾಕೆಂದರೆ ಅಲ್ಲಿಗೇ ನಿಲ್ಲಿಸಿದರು. 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿಗೆ ಹಲವು ಕಂತು ಬೇಕೆಂದರೆ ಕೊಟ್ಟರು. ಕಥೆಯನ್ನು ನೋಡಿ ಅಳತೆ ಹಾಕಿದರು. ಇಂದಿನ ಧಾರಾವಾಹಿಗಳಲ್ಲಿ ಮದುವೆ ಮನೆಗೆ ಕಾಲಿಡಲು ಮೂರು ವಾರ ಹಿಡಿಯುವುದನ್ನು ನೋಡಿದರೆ ಆ ಸಂಯಮದ ಬೆಲೆ ತಿಳಿಯುತ್ತದೆ.

ಇನ್ನು ಲೆಕ್ಕ. ನಮ್ಮ ಟಿ.ವಿ.ಗೆ ಸೆಕೆಂಡಿಗೆ 25 ಫ್ರೇಮ್, ಅಂದರೆ ತೆರೆಯ ಮೇಲೆ ಒಂದರ ಹಿಂದೊಂದು ಹಾಯುವ 25 ಬಿಡಿ ನೋಟ. ಹನ್ನೊಂದು ನಿಮಿಷ ಎಂದರೆ 16,500 ಫ್ರೇಮ್. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿದರೂ 8,250 ಚಿತ್ರ. ನಮ್ಮದು ಬೆರಳೆಣಿಕೆಯ ಜನರ ತಂಡ, ಅದರ ಮೇಲೆ ಜೂನ್‌ನಿಂದ ಮಳೆ, ಮಳೆಯ ಜೊತೆಗೆ ಕರೆಂಟಿನ ಕಣ್ಣಾಮುಚ್ಚಾಲೆ. ಜಪಾನಿನ ಒಸಾಮು ತೆಜುಕಾ ತಮ್ಮದೇ ಕಾಮಿಕ್ಸ್‌ನ 'ಆಸ್ಟ್ರೋ ಬಾಯ್' ಅನ್ನು 1963ರ ಜನವರಿಯಲ್ಲಿ ವಾರದ ಟಿ.ವಿ. ಸರಣಿಯಾಗಿ ಆರಂಭಿಸಿದಾಗ ಅವರಿಗೂ ಇದೇ ಸಂಕಟವಿತ್ತು. ಚಿತ್ರಗಳ ಸಂಖ್ಯೆ ಇಳಿಸಿದರು, ನಿಶ್ಚಲ ಚಿತ್ರವನ್ನು ಹೆಚ್ಚು ಹೊತ್ತು ನಿಲ್ಲಿಸಿದರು, ಒಮ್ಮೆ ಬರೆದದ್ದನ್ನು ಎತ್ತಿಟ್ಟುಕೊಂಡು ಮತ್ತೆ ಮತ್ತೆ ಬಳಸಿದರು. ನಾವೂ ಹಾಗೆಯೇ ಮಾಡಿದೆವು: ಪಾತ್ರಗಳನ್ನು ಕೈ, ಕಾಲು, ತಲೆ ಎಂದು ಬಿಡಿಬಿಡಿಯಾಗಿ ಬರೆದು ಕಂಪ್ಯೂಟರಿನಲ್ಲಿ ಕೀಲು ಕೂಡಿಸಿದೆವು. ತಂತ್ರಾಂಶ ಓಪನ್‌ಟೂನ್ಜ್. ಉಚಿತ, ಸ್ವಲ್ಪ ಮೊಂಡು, ಆದರೆ ಕೆಲಸಕ್ಕೆ ಬರುತ್ತದೆ.

ಈ ವಿಧಾನದ ಒಂದು ದೊಡ್ಡ ಅನುಕೂಲವೆಂದರೆ ಬಲಕ್ಕೆ ನೋಡುವ ಪಾತ್ರವನ್ನು ಕನ್ನಡಿಯಲ್ಲಿ ಕಂಡಂತೆ ಮಗುಚಿದರೆ ಎಡಕ್ಕೆ ನೋಡುವ ಪಾತ್ರ ಪುಕ್ಕಟೆ ಸಿಗುತ್ತದೆ. ನಮ್ಮ ಅಜ್ಜಿಗೆ ಅದು ಸಲ್ಲಲಿಲ್ಲ. ಕೊಡವ ಸೀರೆಯ ನೆರಿಗೆ ಬೆನ್ನಿನ ಕಡೆ ಇರುತ್ತದೆ, ಸೆರಗು ಎಡತೋಳಿನ ಕೆಳಗಿನಿಂದ ಬಂದು ಬಲ ಭುಜದ ಮೇಲೆ ನಿಲ್ಲುತ್ತದೆ. ಮಗುಚಿದರೆ ಸೆರಗು ಎಡ ಭುಜಕ್ಕೆ ಹೋಗುತ್ತದೆ. ಹೊರಗಿನವರ ಕಣ್ಣಿಗೆ ಬೀಳದಿರಬಹುದು, ಕೊಡಗಿನ ಯಾವ ಮನೆಯಲ್ಲಾದರೂ ಎರಡನೇ ಸೆಕೆಂಡಿಗೆ ಯಾರಾದರೂ ಹೇಳುತ್ತಾರೆ. ಆದ್ದರಿಂದ ಅಜ್ಜಿಯನ್ನು ಎರಡು ಕಡೆಗೂ ಬೇರೆ ಬೇರೆಯಾಗಿ ಬರೆದೆವು. ಮುಂದೆ ನೆರಿಗೆ ಇಲ್ಲದ ಕಾರಣ ನಡೆಯುವಾಗ ಮೊಣಕಾಲಿನ ಬಳಿ ಬಟ್ಟೆ ಚಿಮ್ಮುವುದಿಲ್ಲ, ಹಿಂದೆ ತೂಗುತ್ತದೆ. ಹೊರಗಿನಿಂದ ಬಂದ ಅನಿಮೇಟರ್ ಹುಡುಗನಿಗೆ ಇದನ್ನು ಬಾಯಲ್ಲಿ ಹೇಳಿ ಪ್ರಯೋಜನವಾಗಲಿಲ್ಲ. ಒಂದು ಮದುವೆಗೆ ಕರೆದುಕೊಂಡು ಹೋಗಿ ಕೂರಿಸಿದೆ. ಊಟವೂ ಆಯಿತು, ನಡಿಗೆಯೂ ಸರಿಹೋಯಿತು.

ಅತಿ ಹೆಚ್ಚು ಜಗ್ಗಾಟ ನಡೆದದ್ದು ಕೈಲ್ ಪೊಳ್ದ್ ಅಧ್ಯಾಯದ ಮೇಲೆ. ನಾಟಿ ಮುಗಿದು ಸೆಪ್ಟೆಂಬರ್ ಆರಂಭದಲ್ಲಿ ಬರುವ ಕೊಡವರ ಹಬ್ಬ ಅದು. ಕೋವಿ, ಕತ್ತಿಗಳನ್ನು ನೆಲ್ಲಕ್ಕಿ ಎನ್ನುವ ನಡುಮನೆಯ ದೀಪದ ಮುಂದೆ ಇಟ್ಟು ಪೂಜೆ, ಕಡಂಬುಟ್ಟು ಎಂಬ ಅಕ್ಕಿ ಉಂಡೆ ಮತ್ತು ಪಂದಿ ಕರಿ ಎಂಬ ಹಂದಿ ಸಾರಿನ ಊಟ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ನಾವು ಮಾತುಕತೆ ನಡೆಸಿದ ವಾಹಿನಿಯೊಂದರವರು ಮಕ್ಕಳ ಕಾರ್ಯಕ್ರಮದಲ್ಲಿ ಬಂದೂಕು ಬೇಡ, ಅಧ್ಯಾಯವನ್ನೇ ಬಿಡಿ ಎಂದರು. ಅವರ ಆತಂಕ ಸುಳ್ಳಲ್ಲ. ಮಂಗಳೂರಿನಲ್ಲೋ ಕಲಬುರಗಿಯಲ್ಲೋ ನೋಡುವ ಮಗುವಿಗೆ ಕೋವಿಗೂ ಪೂಜೆಗೂ ಏನು ಸಂಬಂಧ ಎಂದು ಗೊತ್ತಿರುವುದಿಲ್ಲ. ಆದರೆ ಹಬ್ಬವನ್ನು ಕಿತ್ತರೆ ಕೊಡಗು ಬರೀ ಮಂಜು ಮತ್ತು ಕಾಫಿ ಆಗಿ ಉಳಿಯುತ್ತದೆ. ಪ್ರವಾಸಿಗರ ಫೋಟೋಗಳಲ್ಲಿ ಅದು ಈಗಾಗಲೇ ಸಾಕಷ್ಟಿದೆ.

ಪುಸ್ತಕದ ಚಿತ್ರಗಳು ಕಪ್ಪು ಬಿಳುಪು. ನಮಗೆ ಬಣ್ಣವಿತ್ತು. ಹಬ್ಬದಲ್ಲಿ ಕೋವಿಯ ನಳಿಗೆಗೆ ಸಿಕ್ಕಿಸುವ ತೋಕ್ ಪೂ, ಹಳದಿಯಿಂದ ಕೆಂಪಿಗೆ ತಿರುಗುವ ಆ ಹೂವು, ದೃಶ್ಯದ ಮೊದಲ ಚಿತ್ರವಾಯಿತು. ಹುಡುಗಿ ಬೇಲಿಯಿಂದ ಹೂ ಕಿತ್ತು ತರುತ್ತಾಳೆ, ಅಜ್ಜಿ ಕೈ ತೊಳೆದುಕೊಂಡು ಬಾ ಎನ್ನುತ್ತಾಳೆ, ಹೂ ನಳಿಗೆಗೆ ಏರುತ್ತದೆ, ದೀಪ ಹೊತ್ತುತ್ತದೆ. ಸ್ಪರ್ಧೆಯಲ್ಲಿ ಗುಂಡಿನ ಸದ್ದು ಮಾತ್ರ ಕೇಳುತ್ತದೆ. ತೆರೆಯ ಮೇಲೆ ಕಿವಿ ಮುಚ್ಚಿಕೊಂಡ ಮಕ್ಕಳು, ಮೇಲಿನಿಂದ ಬೀಳುವ ತೆಂಗಿನ ಚೂರು. ಪುಸ್ತಕದಲ್ಲಿ ಒಂದು ಇಡೀ ಚೌಕವನ್ನು 'ಢಂ' ಎಂಬ ಅಕ್ಷರವೇ ತುಂಬಿತ್ತು. ಅದಕ್ಕಿಂತ ನಮ್ಮದೇ ಚೆನ್ನಾಗಿದೆ ಎಂದು ಬರೆದವಳ ಎದುರಿಗೇ ಹೇಳಿದ್ದೇನೆ. ವಾಹಿನಿಯವರೂ ಒಪ್ಪಿದರು.

ದನಿಮುದ್ರಣವನ್ನು ಮಳೆಗಾಲದಲ್ಲಿ ಯೋಚಿಸುವುದೇ ಬೇಡ, ಹಂಚಿನ ಮೇಲೆ ಬೀಳುವ ಮಳೆಗೆ ಯಾವ ಮೈಕೂ ಸಾಟಿಯಲ್ಲ. ಬೇಸಿಗೆಗೆ ಇಟ್ಟುಕೊಂಡರೆ ಜೀರುಂಡೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಸಿಗುವ ನಿಶ್ಶಬ್ದದಲ್ಲಿ, ಗೋಡೆಗೆ ಕಂಬಳಿ ತೂಗುಹಾಕಿ ಮುಗಿಸಿದೆವು. ಅಜ್ಜಿಯ ಪಾತ್ರಕ್ಕೆ ಕಲಾವಿದೆಯರನ್ನು ಕರೆಸಿ ನೋಡಿದೆವು, ಎಲ್ಲರದೂ ನಾಟಕದ ಅಜ್ಜಿ. ಕೊನೆಗೆ ನಮ್ಮ ಪಕ್ಕದ ಮನೆಯ ಹಿರಿಯರನ್ನೇ ಕೇಳಿಕೊಂಡೆ. ಅವರು ಆನೆಯ ದೃಶ್ಯದ ಹಾಳೆ ಓದಿ ಕನ್ನಡಕ ತೆಗೆದರು.

"ಇಷ್ಟೊಂದು ಮಾತು ಯಾರದು ಮಗನೇ?"

"ನಿಮ್ಮದೇ ಅಜ್ಜಿ, ಮೊಮ್ಮಗಳಿಗೆ ಧೈರ್ಯ ಹೇಳುತ್ತಿದ್ದೀರಿ."

"ಆನೆ ಅಂಗಳದಲ್ಲಿ ನಿಂತಿರುವಾಗ ಯಾರಾದರೂ ಭಾಷಣ ಮಾಡುತ್ತಾರೆಯೇ? ದೀಪ ಆರಿಸು ಎನ್ನುತ್ತೇನೆ, ಅಷ್ಟೇ."

ಅಷ್ಟನ್ನೇ ಇಟ್ಟುಕೊಂಡೆವು. ಸರಣಿ ಹೊರಬಂದ ಮೇಲೆ ಪುಸ್ತಕ ಓದಿದ್ದ ಕೆಲವು ಮಕ್ಕಳು ಅಜ್ಜಿಯ ದನಿ ಹೀಗಿರಲಿಲ್ಲ ಎಂದು ದೂರಿದರು. ಅವರವರ ತಲೆಯೊಳಗಿನ ಅಜ್ಜಿಗೆ ನಾನು ದನಿ ಒದಗಿಸಲಾರೆ. ಮುಂದಿನ ಕಂತುಗಳ ಹಾಳೆಗಳನ್ನು ಈಗ ತಿದ್ದುತ್ತಿದ್ದೇನೆ, ಅಜ್ಜಿಯ ಮಾತು ಅರ್ಧಕ್ಕರ್ಧ ಹೋಗಿದೆ. ಬರೆದವಳಿಗೆ ಇನ್ನೂ ತೋರಿಸಿಲ್ಲ, ಜಗಳ ಖಂಡಿತ ಇದೆ.