ರಸ್ತೆಯ ಯಾವ ಪದರ ಸಡಿಲ? ಪತ್ತೆ ಮಾಡುವುದು ಹೀಗೆ

ಮಾವಿನ ಸೀಸನ್ನಿನಲ್ಲಿ ಕೋಲಾರ–ಶ್ರೀನಿವಾಸಪುರ ರಸ್ತೆಯಲ್ಲಿ ನಿಂತು ನೋಡಿ. ಲೋಡ್ ಲಾರಿಯ ಚಕ್ರ ಹಾದಾಗ ಡಾಂಬರು ಉಗುರಿನ ದಪ್ಪದಷ್ಟು ತಗ್ಗಿ, ಮತ್ತೆ ಮೇಲೇಳುತ್ತದೆ. ಕಣ್ಣಿಗೆ ಕಾಣಲ್ಲ. ಆ ತಗ್ಗನ್ನು ಅಳೆದರೆ ಡಾಂಬರು, ಜಲ್ಲಿ, ಅಡಿಮಣ್ಣು ಈ ಮೂರರಲ್ಲಿ ಯಾವುದರ ಬಿಗಿ ಎಷ್ಟು ಅಂತ ಲೆಕ್ಕ ಸಿಗುತ್ತದೆ. ಅಡಿಮಣ್ಣೇ ಸೋತಿದ್ದರೆ ಮೇಲೆ ಸುಮ್ನೆ ಇನ್ನೊಂದು ಕೋಟ್ ಹಾಕಿ ಏನು ಬಂತು, ಅಲ್ವಾ?

ಮೊದಲು ಗುಂಡಿ ತೋಡಿ, ಪ್ರತಿ ಪದರದ ದಪ್ಪವನ್ನು ಟೇಪಿನಲ್ಲೇ ಅಳೆಯಿರಿ. ಫೈಲಿನಲ್ಲಿರುವ ದಪ್ಪವನ್ನು ನಾನಂತೂ ನಂಬುವುದಿಲ್ಲ.

ಆಮೇಲೆ ಎಫ್‌ಡಬ್ಲ್ಯುಡಿ (ಫಾಲಿಂಗ್ ವೇಟ್ ಡಿಫ್ಲೆಕ್ಟೋಮೀಟರ್), ಅಂದರೆ ತೂಕ ಬೀಳಿಸಿ ತಗ್ಗು ಅಳೆಯುವ ಯಂತ್ರ. ಇದು 300 ಮಿ.ಮೀ. ವ್ಯಾಸದ ತಟ್ಟೆಯ ಮೇಲೆ ತೂಕ ಬೀಳಿಸುತ್ತದೆ. ತಟ್ಟೆಯ ನಡುವೆಯೂ ಅದರಿಂದ ಬೇರೆ ಬೇರೆ ದೂರದಲ್ಲೂ ಇರುವ ಸೆನ್ಸರ್‌ಗಳು ತಗ್ಗನ್ನು ಅಳೆಯುತ್ತವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಐಆರ್‌ಸಿ 115ರ ಪ್ರಕಾರ ಪೆಟ್ಟು 40 ಕಿಲೋನ್ಯೂಟನ್, ಅಂದರೆ ಸುಮಾರು ನಾಲ್ಕು ಟನ್. ಮೊದಲ ಪೆಟ್ಟು ತಟ್ಟೆ ಸರಿಯಾಗಿ ಕೂರಲಿ ಅಂತ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಡಾಂಬರಿನಲ್ಲಿ ಸಣ್ಣ ತೂತು ಕೊರೆದು, ಗ್ಲಿಸರಿನ್ ಬಿಟ್ಟು, ಬಿಸಿಯನ್ನೂ ಅಳೆಯಿರಿ. ಫಲಿತಾಂಶವನ್ನು 35 ಡಿಗ್ರಿಗೆ ಹೊಂದಿಸಬೇಕು. ಏಪ್ರಿಲ್ ಮಧ್ಯಾಹ್ನ ಬೇಡವೇ ಬೇಡ. ಆಗ ಡಾಂಬರು ಮೆತ್ತಗೆ, ಒಣಗಿದ ಮಣ್ಣು ಗಟ್ಟಿ. ಎರಡೂ ಸುಳ್ಳು ಹೇಳುತ್ತವೆ. ಮಳೆಗಾಲ ಮುಗಿದ ಕೂಡಲೇ ಮಾಡಿದರೆ ಒಳ್ಳೆಯದು.

ಈಗ ಮುಖ್ಯ ವಿಷಯ. ಭಾರ ಕೆಳಗಿಳಿಯುತ್ತಾ ರಾಗಿ ರಾಶಿಯಂತೆ ಅಗಲವಾಗುತ್ತದೆ. ಹಾಗಾಗಿ ತಟ್ಟೆಯ ನಡುವಿನ ತಗ್ಗಿನಲ್ಲಿ ಮೂರೂ ಪದರಗಳ ಪಾಲಿದೆ. ದೂರದ ಸೆನ್ಸರ್ ಹೇಳುವುದು ಹೆಚ್ಚಾಗಿ ಮಣ್ಣಿನ ಕಥೆ. 1200 ಮಿ.ಮೀ. ದೂರದಲ್ಲಿ 0.12 ಮಿ.ಮೀ. ತಗ್ಗಿದೆ ಅಂದುಕೊಳ್ಳಿ. ಪೆಟ್ಟಿನ 40,000 ನ್ಯೂಟನ್ನನ್ನು 0.84ರಿಂದ (ಒತ್ತಿದಾಗ ಮಣ್ಣು ಪಕ್ಕಕ್ಕೆ ಉಬ್ಬುವುದಕ್ಕೆ ಹಿಡಿದ ಅಂಕಿ) ಗುಣಿಸಿದರೆ 33,600. ಅದನ್ನು 3.14 × 1200 × 0.12, ಅಂದರೆ 452ರಿಂದ ಭಾಗಿಸಿ. ಮಣ್ಣಿನ ಬಿಗಿ ಸುಮಾರು 74 ಮೆಗಾಪಾಸ್ಕಲ್. ನಡುವೆ ತಗ್ಗು ಜಾಸ್ತಿ, ದೂರದಲ್ಲಿ ಕಡಿಮೆ ಇದ್ದರೆ ತಪ್ಪು ಮೇಲಿನ ಪದರಗಳದ್ದು.

ಉಳಿದ ಎರಡು ಪದರಗಳಿಗೆ ಐಐಟಿ ಖರಗ್‌ಪುರದ ಕೆಜಿಪಿಬ್ಯಾಕ್ ಎಂಬ ಸಾಫ್ಟ್‌ವೇರ್ ಇದೆ. ಅದು ಬಿಗಿಯನ್ನು ಊಹಿಸಿ, ತಗ್ಗನ್ನು ಲೆಕ್ಕ ಹಾಕಿ, ಅಳೆದದ್ದಕ್ಕೆ ಹೊಂದುವವರೆಗೂ ಊಹೆ ಬದಲಿಸುತ್ತಾ ಹೋಗುತ್ತದೆ. ದಪ್ಪ ತಪ್ಪಾಗಿದ್ದರೂ ಅಂಕಿಗಳು ಚೆನ್ನಾಗಿಯೇ ಹೊಂದಿಬಿಡಬಹುದು, ಹುಷಾರು. ಬಂಡೆ ನೆಲಮಟ್ಟಕ್ಕೆ ಹತ್ತಿರವೇ ಇರುವ ಕಡೆ ಮಣ್ಣು ಇರುವುದಕ್ಕಿಂತ ಬಿಗಿಯಾಗಿ ಕಾಣುತ್ತದೆ. ನಮ್ಮ ಕೋಲಾರದ ಬೆಟ್ಟಗಳ ಬುಡದಲ್ಲಂತೂ ಗುಂಡಿಯನ್ನು ಇನ್ನೂ ಎರಡು ಅಡಿ ಇಳಿಸಿ ನೋಡಿ.